ಅವನು ಬರಲ್ಲ ಅಂದ್ರೆ ನೀವಾದ್ರೂ ಹೋಗಿ

ಮಗ ಕುಡೀತಾನೆ ಅಂತ ಬಾಯಿಬಿಟ್ಟು ಹೇಳೋಕೆ ನಮ್ಮ ಮಲೆನಾಡಲ್ಲಿ ಜಾಗಾನೇ ಇಲ್ಲ. ಊರು ಚಿಕ್ಕದು, ಎಲ್ರಿಗೂ ಎಲ್ಲಾ ಗೊತ್ತಿರುತ್ತೆ ಅಂತ ಪೇಟೆಯವ್ರು ಅನ್ಕೊಳ್ತಾರೆ. ಗೊತ್ತಂತೂ ಇರುತ್ತೆ, ಆದ್ರೆ ಯಾರೂ ಎದುರಿಗೆ ಮಾತಾಡಲ್ಲ, ನಾಲ್ಕು ಜನ ಸಿಗೋದೇ ಮದುವೆಮನೇಲಿ, ಸೊಸೈಟೀಲಿ, ಬಸ್ಸಲ್ಲಿ, ಅಲ್ಲೆಲ್ಲಾ "ಮಗ ಹೇಗಿದಾನೆ" ಅಂದ್ರೆ "ಆರಾಮಿದಾನೆ" ಅಂತ ಹೇಳಿ ಅಡಿಕೆ ರೇಟಿನ ವಿಷ್ಯಕ್ಕೆ ಹೋಗ್ಬಿಡೋದು. ಮನೆಗೆ ಬಂದ್ರೆ ಒಂಟಿ ಮನೆ, ಸುತ್ತ ತೋಟ, ಪಕ್ಕದ ಮನೆ ಬೇಕಂದ್ರೆ ಗುಡ್ಡ ಹತ್ತಿ ಇಳೀಬೇಕು, ಜೂನ್ ಜುಲೈ ಮಳೆ ಹಿಡೀತು ಅಂದ್ರೆ ಅದೂ ಇಲ್ಲ. ಮೂವತ್ತು ದಾಟಿದ ಮಗ ದಿನಾ ಕುಡಿದು ಬರೋ ಮನೇಲಿ ಅಪ್ಪ ಅಮ್ಮ ಹೇಗೆ ರಾತ್ರಿ ಕಳೀತಿದಾರೆ ಅಂತ ಹೊರಗಿನವ್ರಿಗೆ ಒಂಚೂರೂ ಕೇಳಲ್ಲ.

ನಾನು ತೀರ್ಥಹಳ್ಳಿ ತಾಲೂಕಿನವಳು, ಹೈಸ್ಕೂಲ್ ಟೀಚರ್ ಆಗಿ ರಿಟೈರ್ ಆಗಿದೀನಿ. ಮಗ ಬೆಂಗಳೂರಲ್ಲಿ ಕಂಪನಿ ಕೆಲಸದಲ್ಲಿದ್ದ, ಕೊರೊನಾ ಟೈಮಲ್ಲಿ ಲ್ಯಾಪ್‌ಟಾಪ್ ಹಿಡ್ಕೊಂಡು ಊರಿಗೆ ಬಂದ, ಆಮೇಲೆ ಕೆಲಸ ಹೋಯ್ತು, ಅವನು ಇಲ್ಲೇ ಉಳಿದ. ಕುಡಿಯೋದು ಬೆಂಗಳೂರಲ್ಲೇ ಶುರುವಾಗಿತ್ತು, ಇಲ್ಲಿ ಜಾಸ್ತಿ ಆಯ್ತು. ಇದನ್ನ ಬರೆಯೋ ಮೊದ್ಲು ಅವನನ್ನ ಕೇಳಿದೀನಿ. "ಹೆಸರು ಹಾಕಬೇಡ ಅಮ್ಮ, ಉಳಿದಿದ್ದು ಏನ್ ಬೇಕಾದ್ರೂ ಬರಿ" ಅಂದ. ಬರೆದಿದ್ದನ್ನ ಅವನೂ ಓದಿದಾನೆ.

ಯಾಕೆ ಬರೀತಿದೀನಿ ಅಂದ್ರೆ, ಈಚೆಗೆ ಕೆಲವರು ಅಮ್ಮಂದಿರು ಅವರಿವರಿಂದ ನಂಬರ್ ತಗೊಂಡು ಫೋನ್ ಮಾಡ್ತಾರೆ, ಹೊಸನಗರದ ಕಡೆಯಿಂದ, ಕೊಪ್ಪದ ಕಡೆಯಿಂದ, ಒಬ್ರು ಸೊರಬದಿಂದ. ಎಲ್ರೂ ದನಿ ಇಳಿಸಿ ಮಾತಾಡ್ತಾರೆ, ಎಲ್ರೂ ಕೇಳೋದು ಒಂದೇ. "ಟೀಚರೇ, ಅವನು ಡಾಕ್ಟ್ರ ಹತ್ರ ಬರೋಕೇ ಒಪ್ಪಲ್ಲ, ಎಂತ ಮಾಡೋದು?" ನನ್ನ ಉತ್ತರಾನೂ ಒಂದೇ. ಅವನು ಬರಲ್ಲ ಅಂದ್ರೆ ನೀವು ಹೋಗಿ. ಅವನು ಒಪ್ಪಲಿ ಅಂತ ಕಾಯ್ಬೇಡಿ.

ಇದು ಕೇಳೋಕೆ ವಿಚಿತ್ರ ಅನ್ಸುತ್ತೆ ಅಂತ ಗೊತ್ತು. ಕುಡಿಯೋನು ಅವನು, ಆಸ್ಪತ್ರೆಗೆ ನಾವ್ಯಾಕೆ ಹೋಗೋದು? ಮಗಳು ಶಿವಮೊಗ್ಗದಲ್ಲಿದಾಳೆ, ಅವಳೇ ಹಠ ಮಾಡಿ ಮೆಗ್ಗಾನ್ ಆಸ್ಪತ್ರೆಯ ಮನೋರೋಗ ವಿಭಾಗಕ್ಕೆ ಕರ್ಕೊಂಡು ಹೋಗಿದ್ದು. ಅಲ್ಲಿ ಬೆಂಚಿನ ಮೇಲೆ ಕೂತಾಗ ಯಾರಾದ್ರೂ ಹಳೇ ಸ್ಟೂಡೆಂಟ್ಸ್ ನೋಡ್ತಾರೇನೋ ಅಂತ ಸೆರಗು ಹೊದ್ಕೊಂಡಿದ್ದೆ. ಕೌನ್ಸೆಲರ್ ಚಿಕ್ಕ ವಯಸ್ಸಿನ ಹುಡುಗಿ, ನನ್ನ ಮಗಳಿಗಿಂತ ಚಿಕ್ಕವಳು. "ಪೇಷಂಟ್ ಎಲ್ಲಿದಾರೆ ಅಮ್ಮ?" ಅಂದ್ಲು. ಬರಲ್ಲ ಅಂದ ಅಂತ ಹೇಳ್ದೆ. "ಪರವಾಗಿಲ್ಲ, ನೀವು ಬಂದ್ರಲ್ಲ, ಕೂತ್ಕೊಳ್ಳಿ, ನೀವು ನಿದ್ದೆ ಎಷ್ಟು ಮಾಡ್ತೀರಿ ಹೇಳಿ ಮೊದ್ಲು" ಅಂದ್ಲು. ಎಷ್ಟೋ ವರ್ಷದಿಂದ ನನ್ನನ್ನ ಯಾರೂ ಆ ಪ್ರಶ್ನೆ ಕೇಳಿರ್ಲಿಲ್ಲ. ನಾನು ಅತ್ತೆ. ಅವಳು ಅಳೋಕೆ ಬಿಟ್ಲು, ಗಡಿಯಾರ ನೋಡ್ಲಿಲ್ಲ.

ಆಮೇಲೆ ಅವಳು ಒಂದು ಮಾತು ಹೇಳಿದ್ಲು, ಅದನ್ನ ಮನೆಗೆ ಬಂದು ನಾನೂ ಹುಡುಕಿ ಓದಿದೆ. ಅಮೆರಿಕದಲ್ಲಿ ರಾಬರ್ಟ್ ಮೇಯರ್ಸ್ ಅನ್ನೋರು ಕ್ರಾಫ್ಟ್ ಅಂತ ಒಂದು ಪದ್ಧತಿ ಬೆಳೆಸಿದಾರೆ. ಕುಡಿಯೋರಿಗೆ ಅಲ್ಲ, ಕುಡಿಯೋರ ಮನೆಯವ್ರಿಗೆ ಟ್ರೈನಿಂಗ್. 1999ರಲ್ಲಿ ಒಂದು ಅಧ್ಯಯನ ಪ್ರಕಟ ಆಯ್ತು, ಚಿಕಿತ್ಸೆಗೆ ಸುತರಾಂ ಬರಲ್ಲ ಅನ್ನೋ ಕುಡುಕರ ಮನೆಯವ್ರು 130 ಜನರನ್ನ ಮೂರು ಗುಂಪು ಮಾಡಿ ನೋಡಿದ್ರು. ಎಲ್ರೂ ಒಟ್ಟಿಗೆ ಸೇರಿ ಎದುರಿಗೆ ಕೂರಿಸಿ ಬುದ್ಧಿ ಹೇಳೋ ದಾರೀಲಿ ನೂರಕ್ಕೆ 30 ಜನ ಚಿಕಿತ್ಸೆಗೆ ಬಂದ್ರು. ಅಲ್-ಅನಾನ್ ಗುಂಪಿಗೆ ಕಳಿಸಿದ ದಾರೀಲಿ 13. ಕ್ರಾಫ್ಟ್ ಕಲಿತ ಮನೆಯವ್ರ ಗುಂಪಲ್ಲಿ 64. ಅಲ್-ಅನಾನ್ ಅನ್ನೋದು 1951ರಿಂದ ಇರೋ ಸಂಸ್ಥೆ, ಕುಡಿಯೋರ ಮನೆಯವ್ರು ಸೇರಿ ಒಬ್ರಿಗೊಬ್ರು ಧೈರ್ಯ ಹೇಳ್ಕೊಳ್ಳೋ ಜಾಗ, ಕುಡಿಯೋನನ್ನ ಡಾಕ್ಟ್ರ ಹತ್ರ ಕರ್ಕೊಂಡು ಬರೋದು ಅವ್ರ ಉದ್ದೇಶಾನೇ ಅಲ್ಲ, ಹಾಗಾಗಿ ಆ 13 ನೋಡಿ ಅವ್ರನ್ನ ಕಮ್ಮಿ ಅನ್ನೋ ಹಾಗಿಲ್ಲ. ನನಗೆ ಆ ಅಧ್ಯಯನದಲ್ಲಿ ಹಿಡಿದು ಕೂರಿಸಿದ್ದು ಬೇರೆ ಒಂದು ಸಾಲು. ಟ್ರೈನಿಂಗ್ ತಗೊಂಡಿದ್ದು ಗಂಡ ಅಥವಾ ಹೆಂಡ್ತಿ ಆಗಿದ್ದಾಗ ಬಂದೋರಿಗಿಂತ, ಅಪ್ಪ ಅಮ್ಮ ಆಗಿದ್ದಾಗ ಚಿಕಿತ್ಸೆಗೆ ಬಂದೋರು ಜಾಸ್ತಿ. ಅಂದ್ರೆ ನಾವು ಕಲಿತ್ರೆ ಉಪಯೋಗ ಇದೆ ಕಣ್ರೀ. ವಯಸ್ಸಿಗೆ ಬಂದ ಮಗ ಅಮ್ಮನ ಮಾತು ಎಲ್ಲಿ ಕೇಳ್ತಾನೆ ಅಂತ ಸುಮ್ನೆ ಕೂರೋ ಹಾಗಿಲ್ಲ.

ಕಲಿಯೋದು ಎಂತ ಅಂದ್ರೆ ದೊಡ್ಡ ವಿದ್ಯೆ ಏನಲ್ಲ, ಆದ್ರೆ ಮಾಡೋಕೆ ಕಷ್ಟ. ಮೊದಲನೇದು, ರಾತ್ರಿ ಮಾತಾಡಬಾರದು. ಕುಡಿದು ಬಂದವನ ಹತ್ರ ಯಾವ ಮಾತೂ ಬೇಡ, ಊಟ ಇದೆ ಅಂತ ಹೇಳಿ ಒಳಗೆ ಹೋಗೋದು ಅಷ್ಟೆ. ಬೈಕಿನ ಸೌಂಡ್ ಕೇಳೋವರ್ಗೂ ಜಗಲೀಲಿ ಕೂತು ಕಾದು, ಅವನು ಬಂದ ತಕ್ಷಣ ಶುರು ಮಾಡೋ ಜಗಳ ಇದ್ಯಲ್ಲ, ಅದರಿಂದ ಒಂದೇ ಒಂದು ಮನೇಲೂ ಒಳ್ಳೇದಾಗಿಲ್ಲ. ಮಾತು ಏನಿದ್ರೂ ಬೆಳಿಗ್ಗೆ, ಅವನ ತಲೆ ಸರಿ ಇದ್ದಾಗ, ಕಾಫಿ ಕುಡಿಯೋ ಹೊತ್ತಲ್ಲಿ. ಅದೂ ಉದ್ದ ಭಾಷಣ ಬೇಡ. ಎರಡನೇದು ನನಗೆ ತುಂಬಾ ಹಿಡಿಸಿದ್ದು, ಕುಡೀದೇ ಇದ್ದ ದಿನವನ್ನ ಗಮನಿಸಬೇಕು. ನಮ್ಮ ಕಡೆ ಹೊಗಳೋ ಅಭ್ಯಾಸ ಇಲ್ಲ, ಮಕ್ಕಳು ಸರಿ ಇದ್ರೆ ಅದು ಇರಬೇಕಾದ್ದೇ ಅಂತ ಬಿಡ್ತೀವಿ, ತಪ್ಪಿದಾಗ ಮಾತ್ರ ಬಾಯಿ. ಕೊಯ್ಲಿನ ಟೈಮಲ್ಲಿ ಒಂದು ಸಂಜೆ ಅವನು ಪೇಟೆಗೆ ಹೋಗ್ದೆ ಅಡಿಕೆ ಸುಲಿಯೋರ ಜೊತೆ ಕೂತ, ಹನ್ನೊಂದು ಗಂಟೆವರ್ಗೂ ಮೆಟ್ಟುಗತ್ತಿ ಮುಂದೆ ಇದ್ದ. ಮಾರನೇ ದಿನ ಬೆಳಿಗ್ಗೆ ಕಡುಬು ಹಾಕ್ತಾ, "ನಿನ್ನೆ ನೀನು ಕೂತಿದ್ದು ನಂಗೆ ಖುಷಿ ಆಯ್ತು ಕಣೋ, ಅಪ್ಪಯ್ಯನೂ ಆರಾಮಾಗಿ ಮಲಗಿದ್ರು" ಅಂದೆ. ಅಷ್ಟೇ. ಅವನು ಏನೂ ಹೇಳ್ಲಿಲ್ಲ, ಇನ್ನೊಂದು ಕಡುಬು ಹಾಕಿಸ್ಕೊಂಡ. ಆ ವಾರ ಇನ್ನೆರಡು ಸಲ ಕೂತ.

ಮೂರನೇದು, ಅವನ ಕುಡಿತದಿಂದ ಆಗೋದನ್ನ ನಾವು ಮುಚ್ಚಿ ಹಾಕಬಾರದು. ವಾಂತಿ ಮಾಡಿದ್ದನ್ನ ಅವನೇ ಬಳೀಬೇಕು. ಫೋನ್ ಬಂದ್ರೆ "ಜ್ವರ, ಮಲಗಿದಾನೆ" ಅಂತ ಸುಳ್ಳು ಹೇಳೋದಿಲ್ಲ. ಬಾರಲ್ಲಿ ಬರೆಸಿದ ಸಾಲಕ್ಕೆ ಅಡಿಕೆ ಕೊಯ್ಲು ಮುಗಿದ ಮೇಲೆ ಜನ ಮನೆಗೆ ಬರ್ತಾರಲ್ಲ, ಅವ್ರಿಗೆ "ನೀವು ಕೊಟ್ಟಿದ್ದು ಅವನಿಗೆ, ಅವನ ಹತ್ರಾನೇ ತಗೊಳ್ಳಿ" ಅಂತ ಹೇಳೋದು. ಇದನ್ನ ಹೇಳುವಾಗ ಕಾಲು ನಡುಗುತ್ತೆ, ಆದ್ರೂ ಹೇಳ್ಬೇಕು. ಅನ್ನ ಮಾತ್ರ ಯಾವತ್ತೂ ನಿಲ್ಲಿಸಿಲ್ಲ, ನಿಲ್ಲಿಸೋದೂ ಇಲ್ಲ.

ಈಗ ಜೀವಕ್ಕೆ ಸಂಬಂಧ ಪಟ್ಟಿದ್ದು ಒಂದು ಹೇಳ್ಬೇಕು, ದಯವಿಟ್ಟು ಇದನ್ನ ಪೂರ್ತಿ ಓದಿ. ದಿನಾ ಜೋರು ಕುಡಿಯೋನನ್ನ ರೂಮಲ್ಲಿ ಕೂಡಿಹಾಕಿ ಬಿಡಿಸೋಕೆ ಹೋಗ್ಬೇಡಿ. ತುಂಬಾ ವರ್ಷದಿಂದ ಕುಡಿಯೋ ದೇಹದಲ್ಲಿ ಮೆದುಳು ಮದ್ಯಕ್ಕೆ ಹೊಂದ್ಕೊಂಡಿರುತ್ತೆ, ಏಕಾಏಕಿ ನಿಲ್ಲಿಸಿದ್ರೆ ನರಗಳೆಲ್ಲಾ ವಿಪರೀತ ಉದ್ರೇಕ ಆಗ್ತವೆ. ಕೊನೇ ಸಲ ಕುಡಿದು ಆರೆಂಟು ಗಂಟೆಗೆ ಕೈ ನಡುಕ, ಬೆವರು, ವಾಂತಿ ಶುರು ಆಗುತ್ತೆ, ಮೊದಲ 48 ಗಂಟೆ ಒಳಗೆ ಫಿಟ್ಸ್ ಬರಬಹುದು, ಎರಡು ಮೂರನೇ ದಿನದ ಹೊತ್ತಿಗೆ ಕೆಲವರಿಗೆ ಭ್ರಮೆ ಬರುತ್ತೆ, ಯಾರೋ ಬಂದ್ರು, ಗೋಡೆ ಮೇಲೆ ಹುಳ ಹರೀತಿದೆ ಅಂತೆಲ್ಲಾ, ಜ್ವರ ಏರುತ್ತೆ, ಹೊತ್ತು ಗೊತ್ತು ತಿಳಿಯಲ್ಲ, ಅದಕ್ಕೆ ಡೆಲಿರಿಯಂ ಟ್ರೆಮೆನ್ಸ್ ಅಂತಾರೆ, ಚಿಕಿತ್ಸೆ ಇಲ್ದಿದ್ರೆ ಸಾಯೋದೂ ಇದೆ. ನಮ್ಮ ಮನೇಲಿ ಅವನು ತಾನಾಗೇ ಬಿಡ್ತೀನಿ ಅಂತ ಆಷಾಢದ ಮಳೇಲಿ ಮನೇಲೇ ಕೂತ. ನಮಗೆಲ್ಲಾ ಎಷ್ಟು ಸಂತೋಷ. ಎರಡನೇ ದಿನ ರಾತ್ರಿ ಫಿಟ್ಸ್ ಬಂತು. ಕರೆಂಟ್ ಇಲ್ಲ, ನೆಟ್‌ವರ್ಕ್ ಇಲ್ಲ, ಇವ್ರು ಟಾರ್ಚ್ ಹಿಡ್ಕೊಂಡು ಗುಡ್ಡ ಇಳಿದು ಹೋಗಿ ಪಕ್ಕದ ಮನೆಯವ್ರ ಜೀಪ್ ಕರ್ಕೊಂಡು ಬಂದ್ರು, ತೀರ್ಥಹಳ್ಳೀಲಿ ಇಂಜೆಕ್ಷನ್ ಕೊಡಿಸಿ, ಅಲ್ಲಿಂದ ಮಂಡಗದ್ದೆ ಮೇಲೆ ಶಿವಮೊಗ್ಗಕ್ಕೆ, ಪಕ್ಕದಲ್ಲೇ ತುಂಗೆ ಕೆಂಪಗೆ ತುಂಬಿ ಹರೀತಿದ್ಲು. ಅರವತ್ತು ಕಿಲೋಮೀಟರ್ ಅಷ್ಟೇ ದಾರಿ, ಮುಗಿಯೋ ಹಾಗೇ ಕಾಣ್ಲಿಲ್ಲ.

ಮೆಗ್ಗಾನಲ್ಲಿ ಅಡ್ಮಿಟ್ ಮಾಡ್ಕೊಂಡು ನಡುಕಕ್ಕೆ ಫಿಟ್ಸ್‌ಗೆ ಮಾತ್ರೆ ಇಂಜೆಕ್ಷನ್ ಕೊಟ್ಟು ದಿನ ದಿನಕ್ಕೆ ಡೋಸ್ ಇಳಿಸ್ತಾ ಬಂದ್ರು. ಥಯಾಮಿನ್ ಅಂತ ಬಿ1 ವಿಟಮಿನ್ ಕೊಡ್ತಾರೆ, ಅದು ಚಿಕ್ಕ ವಿಷ್ಯ ಅಲ್ಲ, ಕುಡಿಯೋರ ದೇಹದಲ್ಲಿ ಅದು ಖಾಲಿ ಆಗಿರುತ್ತೆ, ಅದಿಲ್ದೆ ಬರೀ ಗ್ಲೂಕೋಸ್ ಹಾಕಿದ್ರೆ ಮೆದುಳಿಗೆ ಪೆಟ್ಟು ಆಗಬಹುದು. ಹಾಗಾಗಿ ಎಲ್ಲೋ ಸಣ್ಣ ಕ್ಲಿನಿಕ್ಕಿಗೆ ಹೋಗಿ "ಸುಸ್ತು, ಒಂದು ಬಾಟ್ಲಿ ಹಾಕಿ" ಅಂತ ಹೇಳೋವಾಗ ಕುಡಿತದ ವಿಷ್ಯ ಮುಚ್ಚಿಡಬೇಡಿ. ಎಷ್ಟು, ಎಷ್ಟು ವರ್ಷದಿಂದ, ಕೊನೇ ಸಲ ಯಾವಾಗ, ಮೂರನ್ನೂ ಹೇಳಿ.

ಇನ್ನೊಂದು ವಿಷ್ಯಕ್ಕೆ ನನಗೆ ನಿಜವಾಗ್ಲೂ ಸಿಟ್ಟು ಬರುತ್ತೆ. ಬಸ್‌ಸ್ಟ್ಯಾಂಡ್ ಗೋಡೆ ಮೇಲೆ, ಫೋನಲ್ಲಿ, ಎಲ್ಲಾ ಕಡೆ ಬರೋ ಜಾಹೀರಾತು, "ಕುಡಿಯುವವರಿಗೆ ಗೊತ್ತಾಗದಂತೆ ಊಟದಲ್ಲಿ ಬೆರೆಸಿ ಕೊಡಿ." ಆ ಪುಡೀಲಿ ಎಂತ ಇದೆ ಅಂತ ಯಾರು ಕಂಡಿದಾರೆ? ಇಂಗ್ಲಿಷ್ ಮೆಡಿಸಿನ್ನಲ್ಲಿ ಡೈಸಲ್ಫಿರಾಮ್ ಅಂತ ಒಂದು ಮಾತ್ರೆ ಇದೆ, ಅದನ್ನ ತಗೊಂಡು ಕುಡಿದ್ರೆ ಮುಖ ಕೆಂಪಾಗಿ, ಎದೆ ಹೊಡ್ಕೊಂಡು, ವಾಂತಿ ಆಗಿ, ಬಿಪಿ ಕುಸಿಯುತ್ತೆ. ಅದನ್ನ ಡಾಕ್ಟ್ರು ಕೊಡೋದು ಪೇಷಂಟಿಗೆ ಪೂರ್ತಿ ತಿಳಿಸಿ, ಅವನು ಒಪ್ಪಿದ ಮೇಲೆ. ನಿಲ್ಲಿಸಿ ಎರಡು ವಾರದವರೆಗೂ ಆ ರಿಯಾಕ್ಷನ್ ಬರಬಹುದು. ಅಂಥದ್ದನ್ನ ಗೊತ್ತಿಲ್ದೆ ಸಾರಲ್ಲಿ ಹಾಕಿ ಕೊಟ್ರೆ, ಅವನು ಹೊರಗೆ ಹೋಗಿ ಕುಡಿದ್ರೆ, ಒಂಟಿ ರಸ್ತೇಲಿ ಬೈಕ್ ಮೇಲೆ ಇರೋವಾಗ ಏನಾದ್ರೂ ಆದ್ರೆ? ಅಮ್ಮ ಬಡಿಸಿದ ಊಟದ ಮೇಲೆ ನಂಬಿಕೆ ಹೋದ್ರೆ ಅವನಿಗೆ ಆ ಮನೇಲಿ ಇನ್ನೇನು ಉಳಿಯುತ್ತೆ ಹೇಳಿ. ಕೊಡಬೇಡಿ. ಯಾರೇ ಹೇಳಿದ್ರೂ ಕೊಡಬೇಡಿ.

ಆಣೆ ಮಾಡಿಸೋದ್ರ ಬಗ್ಗೆಯೂ ಕೇಳ್ತಾರೆ. ನಾನು ದೇವರನ್ನ ನಂಬೋಳು, ಸಿಗಂದೂರಿಗೂ ಹೋಗ್ತೀನಿ ಧರ್ಮಸ್ಥಳಕ್ಕೂ ಹೋಗ್ತೀನಿ, ಹರಕೆ ಹೊತ್ತಿದೀನಿ ತೀರಿಸಿದೀನಿ. ಆದ್ರೆ ಕುಡಿಯೋ ಮಗನ ಕೈ ಹಿಡಿದು ಮಂಜುನಾಥನ ಮೇಲೆ ಆಣೆ ಮಾಡಿಸೋದಕ್ಕೆ ನಾನು ಒಪ್ಪಲ್ಲ. ಆಣೆ ಮುರಿದ ದಿನ ಅವನು ತಪ್ಪು ಮಾಡಿದೆ ಅಂತ ನಮ್ಮ ಹತ್ರ ಬರಲ್ಲ, ದೇವರೇ ಕೈಬಿಟ್ಟ ಅಂತ ಇನ್ನೂ ದೂರ ಹೋಗ್ತಾನೆ. ಧರ್ಮಸ್ಥಳದವ್ರು ಜನಜಾಗೃತಿ ವೇದಿಕೆ ಮೂಲಕ ಊರೂರಲ್ಲಿ ಮಾಡೋ ಮದ್ಯವರ್ಜನ ಶಿಬಿರ ಬೇರೆ ವಿಷ್ಯ. ಎಂಟು ದಿನ ಅಲ್ಲೇ ಇಟ್ಕೊಳ್ತಾರೆ, ಮನೆಯವ್ರನ್ನೂ ಕರೆಸ್ತಾರೆ, ಮುಗಿದ ಮೇಲೆ ನವಜೀವನ ಸಮಿತಿ ಅಂತ ಬಿಟ್ಟವ್ರೆಲ್ಲಾ ಸೇರ್ತಾ ಇರ್ತಾರೆ. ನನ್ನ ಹಳೇ ಸ್ಟೂಡೆಂಟ್ ಒಬ್ಬ ಅದರಿಂದಾನೇ ಬಿಟ್ಟು ಈಗ ಆಟೋ ಓಡಿಸ್ತಾ ಚೆನ್ನಾಗಿದಾನೆ. ಫಿಟ್ಸ್ ಬಂದಿರೋರು, ಲಿವರ್ ತೊಂದ್ರೆ ಇರೋರು ಮೊದ್ಲು ಡಾಕ್ಟ್ರಿಗೆ ತೋರಿಸ್ಕೊಂಡು ಶಿಬಿರಕ್ಕೆ ಹೋಗ್ಬೇಕು ಅಷ್ಟೆ.

ಇನ್ನು ಮದುವೆ. "ಒಂದು ಮದುವೆ ಮಾಡಿ ಟೀಚರೇ, ಜವಾಬ್ದಾರಿ ಬಂದ್ರೆ ತಾನಾಗೇ ಬಿಡ್ತಾನೆ." ಇದನ್ನ ಹೇಳದ ನೆಂಟರಿಲ್ಲ. ತೋಟ ಇರೋ ಹುಡುಗರಿಗೆ ಹೆಣ್ಣೇ ಸಿಗದ ಕಾಲ ಇದು, ಹಾಗಿದ್ದೂ ನಮಗೆ ಒಂದು ಸಂಬಂಧ ಬಂತು, ಒಳ್ಳೆ ಜನ, ಹುಡುಗಿ ಬಿ.ಎಡ್ ಮಾಡಿದ್ಲು. ಹುಡುಗಿ ಅಪ್ಪ ತೋಟ ನೋಡೋಕೆ ಅಂತ ಬಂದಿದ್ರು. ಜಗಲೀಲಿ ಕೂರಿಸಿ ಕಾಫಿ ಕೊಟ್ಟು ನಾನೇ ಹೇಳ್ದೆ, "ನನ್ನ ಮಗನಿಗೆ ಕುಡಿತದ ಕಾಯಿಲೆ ಇದೆ, ಇನ್ನೂ ವಾಸಿ ಆಗಿಲ್ಲ, ಈಗ ನಾವು ಮದುವೆ ಮಾಡಲ್ಲ" ಅಂತ. ಅವ್ರು ಸ್ವಲ್ಪ ಹೊತ್ತು ಸುಮ್ಮನಿದ್ದು "ಹೇಳಿದ್ದು ಉಪಕಾರ ಆಯ್ತಮ್ಮ" ಅಂತ ಎದ್ರು. ನಮ್ಮ ಕಡೆಯವ್ರಿಗೆ ತುಂಬಾ ಸಿಟ್ಟು ಬಂತು, ಮನೆ ಮರ್ಯಾದೆ ಕಳೆದ್ಲು ಅಂತ, ಈಗ್ಲೂ ಕೆಲವರು ನನ್ನ ಹತ್ರ ಸರಿಯಾಗಿ ಮಾತಾಡಲ್ಲ. ಆಗ್ಲಿ. ಯಾರದ್ದೋ ಮಗಳನ್ನ ತಂದು ಔಷಧಿ ಥರ ಉಪಯೋಗಿಸೋಕೆ ನಮಗೇನು ಹಕ್ಕಿದೆ? ನನ್ನ ಮಗಳನ್ನ ಯಾರಾದ್ರೂ ಹಾಗೆ ಮಾಡಿದ್ರೆ ನಾನು ಕ್ಷಮಿಸ್ತಿದ್ನಾ? ಈ ವಿಷ್ಯದಲ್ಲಿ ನಾನು ಒಂದಿಂಚೂ ಬಿಟ್ಟುಕೊಡಲ್ಲ.

ದುಡ್ಡಿನ ವಿಷ್ಯ ನಮ್ಮ ಕಡೆ ಬೇರೆ ಥರ. ತಿಂಗಳ ಸಂಬಳದ ಮನೇಲಿ ಸ್ವಲ್ಪ ಸ್ವಲ್ಪ ದುಡ್ಡು ಬರುತ್ತೆ, ನಮ್ಮಲ್ಲಿ ಅಡಿಕೆ ಮಂಡಿಗೆ ಹೋದಾಗ ಒಟ್ಟಿಗೆ ಬರುತ್ತೆ. ಕುಡಿಯೋ ಮಗ ಇರೋ ಮನೇಲಿ ಆ ತಿಂಗಳು ಬಹಳ ಕಷ್ಟ. ನಾವು ಮಂಡಿ ಲೆಕ್ಕ ಪೂರ್ತಿ ಇವ್ರ ಹೆಸರಲ್ಲೇ ಇಟ್ಟು, ದುಡ್ಡು ಬ್ಯಾಂಕಿಗೇ ಹೋಗೋ ಹಾಗೆ ಮಾಡಿ, ಮನೇಲಿ ನಗದು ಇಡೋದು ನಿಲ್ಲಿಸಿದ್ವಿ. ಅವನ ಫೋನ್ ರೀಚಾರ್ಜ್, ಬಟ್ಟೆ, ಹಲ್ಲಿನ ಡಾಕ್ಟ್ರು ಎಲ್ಲಾ ನಾವೇ ನೇರ ಕೊಡ್ತೀವಿ, ಕೈಗೆ ಕೊಡಲ್ಲ.

ಅದಕ್ಕಿಂತ ದೊಡ್ಡದು ಪಾಲು. "ನನ್ನ ಪಾಲು ಕೊಡಿ, ನಾನು ಹೋಗ್ತೀನಿ" ಅಂತ ಅವನು ಕುಡಿದಾಗೆಲ್ಲಾ ಹೇಳ್ತಿದ್ದ, ಇವ್ರು ಆ ಮಾತಿಗೆ ಕುಗ್ಗಿ ಹೋಗ್ತಿದ್ರು. ಅಜ್ಜನ ಕಾಲದ ತೋಟ, ಅವ್ರೇ ನೀರು ಹೊತ್ತು ಬೆಳೆಸಿದ್ದು, ಎಲೆಚುಕ್ಕಿ ರೋಗ ಬಂದ ವರ್ಷ ಮರ ಮರ ನೋಡಿ ಉಳಿಸ್ಕೊಂಡಿದ್ದು. ವಕೀಲರ ಹತ್ರ ಹೋಗಿ ಕೇಳಿದ್ವಿ. ಪಿತ್ರಾರ್ಜಿತ ಆಸ್ತೀಲಿ ಮಗನಿಗೆ ಮಗಳಿಗೆ ಇಬ್ರಿಗೂ ಹುಟ್ಟಿನಿಂದಲೇ ಹಕ್ಕಿದೆ, ಕುಡೀತಾನೆ ಅಂತ ಆ ಹಕ್ಕು ಹೋಗಲ್ಲ, ನಾವೇ ದುಡಿದು ತಗೊಂಡ ಸ್ವಯಾರ್ಜಿತ ಮಾತ್ರ ನಮ್ಮ ಇಷ್ಟ. ಏನು ಕರಾರು ಅಂತ ತಿಳಿಯದಷ್ಟು ಕುಡಿದ ಅಮಲಲ್ಲಿ ಹಾಕಿದ ಸಹಿ ಸಲ್ಲಲ್ಲ ಅಂತ 1872ರ ಕಾಂಟ್ರಾಕ್ಟ್ ಕಾಯ್ದೆಯ 12ನೇ ಸೆಕ್ಷನ್ ಹೇಳುತ್ತೆ, ಆದ್ರೆ ಆವತ್ತು ಅವನು ಕುಡಿದಿದ್ದ ಅಂತ ಕೋರ್ಟಲ್ಲಿ ತೋರಿಸೋರು ಯಾರು? ಹಾಗಾಗಿ ಜಾಗದ ಬ್ರೋಕರ್‌ಗಳು ಅವನ ಸುತ್ತ ಓಡಾಡ್ತಿದ್ರೆ ಕಣ್ಣಿಟ್ಟಿರಿ, ಪಹಣಿ ಆಗಾಗ ತೆಗೆಸಿ ನೋಡಿ. ಪಾಲಿನ ಮಾತಿಗೆ ಇವ್ರು ಕೊನೆಗೆ ಕೊಟ್ಟ ಉತ್ತರ ಇದು, "ನಿನ್ನ ಪಾಲು ಎಲ್ಲೂ ಹೋಗಲ್ಲ ಮಗ. ಕುಡೀದೇ ಇರೋ ದಿನ ಬೆಳಿಗ್ಗೆ ಕೇಳು, ಕೂತು ಮಾತಾಡೋಣ." ಹಾಗೆ ಬೆಳಿಗ್ಗೆ ಅವನು ಇದುವರೆಗೆ ಕೇಳಿಲ್ಲ.

ಬಲವಂತವಾಗಿ ಎತ್ತಿ ಸೇರಿಸಿದ್ರೆ ಹೇಗೆ ಅಂತಾನೂ ಕೇಳ್ತಾರೆ. 2017ರ ಮಾನಸಿಕ ಆರೋಗ್ಯ ಕಾಯ್ದೇಲಿ ಮದ್ಯ, ಡ್ರಗ್ಸಿಂದ ಆಗೋ ಮಾನಸಿಕ ತೊಂದ್ರೇನೂ ಸೇರುತ್ತೆ. ವಯಸ್ಕ ಮಗನನ್ನ ಅಪ್ಪ ಅಮ್ಮ ಹೇಳಿದ್ರು ಅಂತ ಮಾತ್ರಕ್ಕೆ ಒಳಗೆ ಹಾಕೋ ಹಾಗಿಲ್ಲ. ತನಗೋ ಇನ್ನೊಬ್ರಿಗೋ ಅಪಾಯ ಮಾಡೋ ಸ್ಥಿತೀಲಿದ್ರೆ, ಇಲ್ಲಾ ತನ್ನನ್ನ ತಾನು ನೋಡ್ಕೊಳ್ಳೋಕೂ ಆಗದಿದ್ರೆ, ಒಬ್ರು ಮನೋವೈದ್ಯರೂ ಸೇರಿ ಇಬ್ರು ಬೇರೆ ಬೇರೆಯಾಗಿ ಪರೀಕ್ಷೆ ಮಾಡಿ ಒಪ್ಪಿದ್ರೆ 30 ದಿನದವರೆಗೆ ಅಡ್ಮಿಷನ್‌ಗೆ ಅವಕಾಶ ಇದೆ. ಸರಪಳಿ ಕಟ್ಟೋದು ಕಾನೂನಲ್ಲೇ ನಿಷೇಧ. ದುಡ್ಡು ಕಟ್ಟಿಸ್ಕೊಂಡು ಹೊಡೆದು ಬಡಿದು ಬಿಡಿಸ್ತೀವಿ ಅನ್ನೋ ಕಡೆಗೆ ಕಳಿಸ್ಬೇಡಿ, ನೋಂದಣಿ ಇದ್ಯಾ, ಡಾಕ್ಟ್ರು ದಿನಾ ಬರ್ತಾರಾ, ಮನೆಯವ್ರಿಗೆ ನೋಡೋಕೆ ಬಿಡ್ತಾರಾ ಕೇಳಿ. ಕೈ ಎತ್ತೋ ಮಗ ಆದ್ರೆ ಆ ರಾತ್ರಿ ಮನೇಲಿ ಇರಬೇಡಿ, 112ಕ್ಕೆ ಫೋನ್ ಮಾಡಿ, ಒಂದು ಬ್ಯಾಗ್, ಔಷಧಿ, ಪಕ್ಕದ ಮನೆಯವ್ರಿಗೆ ಒಂದು ಮಾತು ಮೊದ್ಲೇ ತಯಾರಿರಲಿ. 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೇಲಿ ಅಮ್ಮನೂ ಮಗನ ಮೇಲೆ ರಕ್ಷಣೆ ಕೇಳಬಹುದು. ಮಗ ಅಂತ ಪೆಟ್ಟು ತಿನ್ನಬೇಕಾಗಿಲ್ಲ.

ಇವ್ರ ಬಗ್ಗೆ ಸ್ವಲ್ಪ ಹೇಳ್ಬೇಕು. ಅಪ್ಪಂದಿರು ಈ ವಿಷ್ಯದಲ್ಲಿ ಒಬ್ಬಂಟಿ ಆಗ್ಬಿಡ್ತಾರೆ. ಇವ್ರು ಮಾತು ಕಮ್ಮಿ ಮಾಡಿದ್ರು, ಸಂಜೆ ಆದ್ರೆ ಭದ್ರಾವತಿ ಆಕಾಶವಾಣಿ ಹಾಕ್ಕೊಂಡು ಕತ್ತಲಲ್ಲೇ ಕೂರ್ತಿದ್ರು, ಮಗನಿಗೆ ಏನ್ ಹೇಳ್ಬೇಕಿದ್ರೂ ನನ್ನ ಹತ್ರ "ಅವನಿಗೆ ಹೇಳು" ಅನ್ನೋರು. ಇವ್ರ ಅಣ್ಣನೂ ಕುಡಿತದಿಂದಾನೇ ತೀರ್ಕೊಂಡಿದ್ದು, ನಮ್ಮ ರಕ್ತದಲ್ಲೇ ಇದೆ ಅಂತ ಒಳಗೊಳಗೇ ಕೊರಗೋರು. ಅದನ್ನ ಕೌನ್ಸೆಲರ್ ಹತ್ರ ಕೇಳ್ದೆ. ಅವಳಿ ಮಕ್ಕಳ ಮೇಲೆ ಮಾಡಿರೋ ಅಧ್ಯಯನಗಳ ಪ್ರಕಾರ ಮದ್ಯದ ಚಟದಲ್ಲಿ ವಂಶದ ಪಾಲು ಸುಮಾರು ಅರ್ಧ ಇರುತ್ತಂತೆ, ಉಳಿದರ್ಧ ಬದುಕು, ಸಹವಾಸ, ಒತ್ತಡ ಹೀಗೆ. ಇವ್ರಿಗೆ ಅದನ್ನ ಹೇಳಿದಾಗ "ಅರ್ಧ ಅಷ್ಟೇನಾ" ಅಂದ್ರು. ಮುಂದಿನ ಸಲ ಬಸ್ಸಿಗೆ ನನ್ನ ಜೊತೆ ತಾವೂ ಹತ್ತಿದ್ರು.

ಮಗ ಬಂದಿದ್ದು ನಾವಿಬ್ರೂ ಸ್ವಲ್ಪ ಕಾಲ ಹೋಗಿ ಬಂದು ಮಾಡಿದ ಮೇಲೇನೇ. ಫಿಟ್ಸ್ ಬಂದಾಗ ಆಸ್ಪತ್ರೆ ಸೇರಿದ್ದು ಬೇರೆ, ಅಲ್ಲಿಂದ ಬಂದು ಮತ್ತೆ ಕುಡೀತಿದ್ದ. ಒಂದಿನ ನಾವು ಹೊರಟು ನಿಂತಾಗ "ಅಲ್ಲಿ ನನ್ನ ಬಗ್ಗೆ ಎಂತ ಮಾತಾಡ್ತೀರಿ" ಅಂದ. "ನಮ್ಮ ಬಗ್ಗೆ ಮಾತಾಡ್ತೀವಿ, ನಿನ್ನ ಬಗ್ಗೆ ನೀನೇ ಮಾತಾಡಬೇಕಲ್ಲ" ಅಂದೆ. ಶರ್ಟ್ ಹಾಕ್ಕೊಂಡು ಬಂದ. ಈಗ ಸೆಳೆತ ಕಮ್ಮಿ ಮಾಡೋ ಮಾತ್ರೆ ತಗೊಳ್ತಿದಾನೆ, ನಾಲ್ಟ್ರೆಕ್ಸೋನ್, ಅಕಾಂಪ್ರೊಸೇಟ್ ಅಂತ ಬೇರೆ ಬೇರೆ ಇವೆ, ಯಾರಿಗೆ ಯಾವುದು ಅನ್ನೋದನ್ನ ಲಿವರ್, ಕಿಡ್ನಿ ಟೆಸ್ಟ್ ನೋಡಿ ಡಾಕ್ಟ್ರು ಹೇಳ್ತಾರೆ. ಚೆನ್ನಾಗಿದ್ದ, ದೀಪಾವಳೀಲಿ ಮತ್ತೆ ಕುಡಿದ. ನೆಂಟರು "ಅಷ್ಟು ಓಡಾಡಿದ್ದು ದಂಡ ಆಯ್ತಲ್ಲ" ಅಂದ್ರು. ತೋಟಕ್ಕೆ ಹೋದ ವರ್ಷ ಕೊಳೆರೋಗಕ್ಕೆ ಅಂತ ಬೋರ್ಡೋ ಔಷಧಿ ಹೊಡೆದಿದೀವಿ ಅಂತ ಈ ವರ್ಷ ಮಳೆಗೆ ಮುಂಚೆ ಬಿಡ್ತೀವಾ? ಕೊಳೆ ಮತ್ತೆ ಬಂದ್ರೆ ಮತ್ತೆ ಹೊಡೀತೀವಿ. ಆ ವಾರಾನೇ ಡಾಕ್ಟ್ರ ಹತ್ರ ಹೋದ್ವಿ, ಅವನೇ ಬೈಕ್ ತೆಗೆದ. ಆಮೇಲಿಂದ ಕುಡಿದಿಲ್ಲ. ಮುಂದೆ ಹೇಗೋ, ಇವತ್ತಿಗೆ ಮೆಣಸಿನ ಬಳ್ಳಿ ಕಟ್ತಿದಾನೆ ತೋಟದಲ್ಲಿ.

2019ರಲ್ಲಿ ಕೇಂದ್ರ ಸರ್ಕಾರಕ್ಕೆ ಏಮ್ಸ್‌ನವ್ರು ಮಾಡಿ ಕೊಟ್ಟ ಸರ್ವೇಲಿ ಒಂದು ಲೆಕ್ಕ ಇದೆ, ಮದ್ಯಕ್ಕೆ ದಾಸರಾದ 38 ಜನರಲ್ಲಿ ಒಬ್ರಿಗೆ ಮಾತ್ರ ಯಾವುದೋ ಒಂದು ಚಿಕಿತ್ಸೆ ಸಿಕ್ಕಿದೆ. ಉಳಿದ 37 ಮನೆಯಲ್ಲಿ ಅಪ್ಪ ಅಮ್ಮ ಇರ್ತಾರೆ, ಅವ್ರಿಗೋಸ್ಕರ ಇದನ್ನ ಬರೆದೆ. ನಮ್ಮ ಜಿಲ್ಲೆಗೆ ಈ ವಿಷ್ಯದಲ್ಲಿ ಒಂದು ಪುಣ್ಯಾನೂ ಇದೆ, ಡಾ. ಅಶೋಕ್ ಪೈ ಅವ್ರು 2016ರಲ್ಲಿ ತೀರಿಹೋಗೋವರೆಗೂ ಶಿವಮೊಗ್ಗದಲ್ಲಿದ್ದು ಮನಸ್ಸಿನ ಕಾಯಿಲೆ ಬಗ್ಗೆ ಕನ್ನಡದಲ್ಲಿ ಬರೆದು ಹೇಳಿ, ಮನೋವೈದ್ಯರ ಹತ್ರ ಹೋಗೋದು ನಾಚಿಕೆ ಅಲ್ಲ ಅಂತ ಒಂದು ತಲೆಮಾರಿಗೇ ಕಲಿಸಿದ್ರು.

ಎಲ್ಲಿಂದ ಶುರು ಮಾಡೋದು ಗೊತ್ತಾಗದಿದ್ರೆ 14416ಕ್ಕೆ ಫೋನ್ ಮಾಡಿ, ಟೆಲಿ ಮಾನಸ್ ಅಂತ, 2022ರ ಅಕ್ಟೋಬರಲ್ಲಿ ಶುರುವಾಗಿದ್ದು, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡ್ತಾರೆ, ರಾತ್ರಿ ಎರಡು ಗಂಟೆಗೂ ಎತ್ತುತ್ತಾರೆ. ಚಟದ ವಿಷ್ಯಕ್ಕೇ ಅಂತ 14446 ಬೇರೆ ಇದೆ. ತಾಲೂಕು ಆಸ್ಪತ್ರೇಲಿ ಮನೋಚೈತನ್ಯ ಅಂತ ಮನಸ್ಸಿನ ಕಾಯಿಲೆ ನೋಡೋ ಕ್ಲಿನಿಕ್ ಯಾವ ಮಂಗಳವಾರ ಇರುತ್ತೆ ಅಂತ ಕೇಳ್ಕೊಳ್ಳಿ. ಮೆಗ್ಗಾನಿಗೆ ಹೋಗೋದಾದ್ರೆ ಬೆಳಿಗ್ಗೆ ಮೊದಲ ಬಸ್ಸಿಗೇ ಹೊರಡಿ, ಚೀಟಿ ಮಾಡಿಸೋ ಕಡೆ ಕ್ಯೂ ಉದ್ದ ಇರುತ್ತೆ. ಅವನ ವಯಸ್ಸು, ಎಷ್ಟು ಕುಡೀತಾನೆ, ಫಿಟ್ಸ್ ಬಂದಿದ್ಯಾ, ಬೇರೆ ಏನು ಮಾತ್ರೆ ತಗೊಳ್ತಾನೆ ಅಂತ ಒಂದು ಹಾಳೇಲಿ ಬರ್ಕೊಂಡು ಹೋಗಿ, ನಿಮ್ಮ ಬಿಪಿ ಶುಗರ್ ಚೀಟೀನೂ ಇಟ್ಕೊಳ್ಳಿ, ಅವ್ರು ಅದನ್ನೂ ಕೇಳ್ತಾರೆ.